ಅತ್ತಿಗೆ, ಆ ಅಜ್ಜಿ ಮಾಡಿದ್ದು ಜಾಸ್ತಿ ಆಗಲಿಲ್ಲ

ಅತ್ತಿಗೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಾಡಿಯೇ ಹೇಳಿಬಿಡ್ತೀನಿ. ನಾನು ಗ್ರೂಪಿಗೆ ಹಾಕಿದ್ದ ಡೆನ್ಮಾರ್ಕಿನ ಮೂಕಿ ಚಿತ್ರ, 'ಮಾಸ್ಟರ್ ಆಫ್ ದಿ ಹೌಸ್', ನೋಡಿದ್ರಲ್ಲ, ತುಂಬಾ ಖುಷಿ ಆಯ್ತು. ಆದ್ರೆ "ಪಾಪ, ವಿಕ್ಟರ್ ವ್ಯಾಪಾರ ಮುಳುಗಿದೆ, ಆ ಸಂಕಟಕ್ಕೆ ರೇಗ್ತಾನೆ, ಮುದುಕಿ ಅಷ್ಟು ಗೋಳು ಹುಯ್ಕೋಬೇಕಿತ್ತಾ" ಅಂತ ಬರೆದಿದ್ರಿ. ಅದನ್ನ ನಾನು ಒಪ್ಪಲ್ಲ.

ವ್ಯಾಪಾರ ಮುಳುಗಿದ್ದು ಮನೆಯವರಿಗೆಲ್ಲ ಅಲ್ವಾ? ಆ ಬಡತನ ಅವನ ಹೆಂಡತಿ ಇಡಾಗೂ ಇದೆ. ಅವನು ಇನ್ನೂ ಮಲಗಿರ್ತಾನೆ, ಇವಳೂ ಮಗಳು ಕಾರೆನ್ನೂ ಎದ್ದು ಒಂದಾದಮೇಲೊಂದು ಕೆಲಸ ಮಾಡ್ತಾನೇ ಇರ್ತಾರೆ. ಅವನು ಎದ್ದು ಬಂದು ಬ್ರೆಡ್ಡಿಗೆ ಬೆಣ್ಣೆ ಸಾಲದು ಅಂತಾನೆ. ಆಗ ಇಡಾ ಏನು ಮಾಡ್ತಾಳೆ, ಗಮನಿಸಿದ್ರಾ? ತನ್ನ ಬ್ರೆಡ್ಡಿನ ಬೆಣ್ಣೇನೇ ಕೆರೆದು ಅವನದಕ್ಕೆ ಸವರ್ತಾಳೆ. ನನಗೆ ಹೊಟ್ಟೆ ಉರಿದುಹೋಯ್ತು. ಆ ಮದುವೆ ಏನಾಗಿದೆ ಅಂತ ತಿಳಿಯೋಕೆ ಅಷ್ಟು ಸಾಕು, ಮಾತೇ ಬೇಕಾಗಿಲ್ಲ.

1925ರಲ್ಲಿ ಇದನ್ನ ತೆಗೆಯುವಾಗ ನಿರ್ದೇಶಕ ಕಾರ್ಲ್ ಡ್ರೆಯರ್ ಸ್ಟುಡಿಯೋ ಒಳಗೆ ನೀರು, ಗ್ಯಾಸ್, ಕರೆಂಟ್ ಎಲ್ಲ ಇರೋ ಮನೇನೇ ಕಟ್ಟಿಸಿದ್ರಂತೆ. ಇಡಾ ಪಾತ್ರದ ಆಸ್ಟ್ರಿಡ್ ಹೋಲ್ಮ್ ಅಡುಗೆಮನೇಲಿ ನಿಂತ್ರೆ ನಟನೆ ಅಂತ ಅನ್ನಿಸೋದೇ ಇಲ್ಲ ನೋಡಿ.

ಇನ್ನು ನೀವು ಹೇಳಿದ ಆ ಮುದುಕಿ, ಮ್ಯಾಡ್ಸ್ ಅಜ್ಜಿ. ವಿಕ್ಟರ್ ಮಗುವಾಗಿದ್ದಾಗ ಎತ್ತಾಡಿಸಿ ಸಾಕಿದವಳು ಅವಳು. ಬೇರೆ ಯಾರು ಬುದ್ಧಿ ಹೇಳಿದ್ರೂ ಅವನು ಕೇಳ್ತಿದ್ನಾ? ಇಡಾ ಹಾಸಿಗೆ ಹಿಡಿಯೋ ಹಾಗಾದಾಗ ಅವಳನ್ನ ಬೇರೆ ಕಡೆ ಕಳಿಸಿ, ಎಲ್ಲಿದ್ದಾಳೆ ಅಂತಾನೂ ಅವನಿಗೆ ಹೇಳಲ್ಲ. ಉಪದೇಶ ಮಾಡ್ತಾ ಕೂರದೆ, ಮನೆಕೆಲಸಾನ ಅವನ ಕೈಲೇ ಮಾಡಿಸ್ತಾಳೆ. ಮಗನ್ನ ಮೂಲೇಲಿ ನಿಲ್ಲಿಸ್ತಿದ್ದವನನ್ನ ಅದೇ ಥರ ಮೂಲೇಲಿ ನಿಲ್ಲಿಸ್ತಾಳೆ. ಅದನ್ನ ನೀವು ಗೋಳು ಅಂದ್ರಿ. ಹೆಂಡತಿ ದಿನಾ ಪಟ್ಟಿದ್ದನ್ನ ಅವನು ಸ್ವಲ್ಪ ದಿನ ಪಟ್ಟ, ಅಷ್ಟೇ.

ನನ್ನ ತಕರಾರು ಬೇರೆ. ಇಡಾ ಮನೆ ಬಿಟ್ಟ ಮೇಲೆ ಕಥೆಯೆಲ್ಲ ವಿಕ್ಟರ್ ತಿದ್ದಿಕೊಳ್ಳೋದರ ಸುತ್ತಾನೇ ಹೋಗುತ್ತೆ. ಅಷ್ಟು ಬೇಗ ಕ್ಷಮಿಸೋ ಮನಸ್ಸು ಅವಳಿಗೆ ಹೇಗೆ ಬಂತು, ಅದನ್ನ ಇನ್ನಷ್ಟು ತೋರಿಸಬೇಕಿತ್ತು.

ಹಾಂ, ಮಾವ ಕೇಳಿದ್ರಲ್ಲ: 1928ರ ಜೋನ್ ಆಫ್ ಆರ್ಕ್ ಚಿತ್ರ ತೆಗೆದವರೂ ಈ ಡ್ರೆಯರ್ ಅವರೇ. 'ಮಾಸ್ಟರ್ ಆಫ್ ದಿ ಹೌಸ್' ಫ್ರಾನ್ಸಿನಲ್ಲಿ ಚೆನ್ನಾಗಿ ಓಡಿದ್ದಕ್ಕೇ ಅಲ್ಲಿಂದ ಕರೆ ಬಂದಿದ್ದು.

ಅತ್ತಿಗೆ, ಮೊದಲ ಭಾಗ ಇನ್ನೊಂದು ಸಲ ನೋಡಿ, ಇಡಾ ಕೈಗಳನ್ನೇ ಗಮನಿಸಿ. ಆಮೇಲೂ ಅಜ್ಜಿ ಮಾಡಿದ್ದು ಜಾಸ್ತಿ ಆಯ್ತು ಅನ್ನಿಸಿದ್ರೆ ಭಾನುವಾರ ಮನೆಗೆ ಬನ್ನಿ, ಕೂತು ಮಾತಾಡೋಣ.