ಏಂಜೆಲಾ ಡೇವಿಸ್: ಜೈಲೇ ಬೇಡ ಅನ್ನೋರಿಗೆ ಸೋವಿಯತ್ ಜೈಲು ಕಾಣ್ಲಿಲ್ವಾ?

ಕಟ್ಟೆಪುರಾಣ: ನಿನ್ನೆ ರಾತ್ರಿ ಅಮೆರಿಕದ ಕರಿಯ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರ ಭಾಷಣ ಒಂದು ಕೇಳ್ತಾ ಕೂತೆ. ಜೈಲನ್ನ ರಿಪೇರಿ ಮಾಡೋದಲ್ಲ, ಜೈಲೇ ಇಲ್ದಿರೋ ಸಮಾಜ ಕಟ್ಬೇಕು ಅಂತ ಅವರ ವಾದ. ಒಪ್ಪೋದು ಬಿಡೋದು ಆಮೇಲಿನ ಮಾತು, ಆದ್ರೆ ಇದೇ ಹೆಂಗಸು 1979ರಲ್ಲಿ ಮಾಸ್ಕೋಗೆ ಹೋಗಿ ಸೋವಿಯತ್ ಸರ್ಕಾರದ ಲೆನಿನ್ ಶಾಂತಿ ಪ್ರಶಸ್ತಿ ತಗೊಂಡ್ರಲ್ಲ, ಅಲ್ಲಿ ಕೈದಿಗಳೇ ಇರ್ಲಿಲ್ವಾ? ಇದು ನಂಗೆ ಅರಗ್ತಾನೇ ಇಲ್ಲ.

ಪುಸ್ತಕದಹುಳ: ಅಣ್ಣಾ ನೀವು ನೇರ 1979ಕ್ಕೆ ಹಾರ್ಬಿಟ್ರಿ, ಸ್ವಲ್ಪ ಹಿಂದಕ್ಕೆ ಬನ್ನಿ. ಹುಟ್ಟಿದ್ದು 1944ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್. ಕರಿಯರ ಮನೆಗಳಿಗೆ ಬಾಂಬ್ ಇಟ್ಟು ಇಟ್ಟು ಅವರಿದ್ದ ಏರಿಯಾಗೆ ಡೈನಮೈಟ್ ಹಿಲ್ ಅಂತಾನೇ ಹೆಸರು ಬಿದ್ದಿತ್ತು. 1963ರಲ್ಲಿ ಅದೇ ಊರಿನ ಚರ್ಚ್‌ನಲ್ಲಿ ಬಾಂಬ್ ಸಿಡಿದು ನಾಲ್ಕು ಹುಡುಗೀರು ಸತ್ರು. ಆಮೇಲೆ ಹರ್ಬರ್ಟ್ ಮಾರ್ಕ್ಯೂಸ ಹತ್ರ ಫಿಲಾಸಫಿ ಓದಿ, ಜರ್ಮನಿಗೂ ಹೋಗಿ ಬಂದು, 1969ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಪಾಠ ಮಾಡೋ ಕೆಲ್ಸ ಸಿಕ್ತು. ಸಿಕ್ಕಿದ್ದೇ ತಡ, ಕಮ್ಯುನಿಸ್ಟ್ ಪಾರ್ಟಿ ಮೆಂಬರ್ ಅಂತ ಕಿತ್ತಾಕಿದ್ರು. ಆಗ ಗವರ್ನರ್ ಯಾರು ಗೊತ್ತಲ್ಲ, ರೊನಾಲ್ಡ್ ರೇಗನ್ 😄

ಸುಮ್ನೆಒಬ್ಬ: ಕಿತ್ತಾಕಿದ್ರೆ ತಪ್ಪೇನು? ಸರ್ಕಾರದ ದುಡ್ಡಲ್ಲಿ ಸಂಬಳ ತಗೊಂಡು ಅದೇ ಸರ್ಕಾರ ಉರುಳ್ಸೋ ಪಾರ್ಟಿಲಿ ಇರೋದಾ

ವಕೀಲಮ್ಮ: ತಪ್ಪೇನು ಅಂತ ಅಲ್ಲಿನ ಕೋರ್ಟೇ ಹೇಳಿದೆ. ಪಾರ್ಟಿ ಮೆಂಬರ್ ಅನ್ನೋ ಒಂದೇ ಕಾರಣಕ್ಕೆ ತೆಗೆಯೋಂಗಿಲ್ಲ ಅಂತ ಜಡ್ಜ್ ಹೇಳಿದ್ಮೇಲೆ ವಾಪಸ್ ತಗೊಂಡ್ರು. ಆದ್ರೆ ಬಿಟ್ರಾ, 1970ರ ಜೂನ್‌ನಲ್ಲಿ ಹೊರಗಡೆ ಮಾಡಿದ ಭಾಷಣಗಳ ಭಾಷೆ ಸರಿ ಇಲ್ಲ ಅಂತ ಇನ್ನೊಂದ್ ನೆಪ ತೆಗ್ದು ಮನೆಗೆ ಕಳ್ಸಿದ್ರು. ಮೇಷ್ಟ್ರು ಕ್ಲಾಸಲ್ಲಿ ಹೆಂಗ್ ಪಾಠ ಮಾಡ್ತಾರೆ ಅನ್ನೋದನ್ನ ನೋಡ್ಬೇಕೇ ಹೊರತು ಸಂಜೆ ಎಲ್ಲಿ ಹೋಗಿ ಏನ್ ಮಾತಾಡ್ತಾರೆ ಅನ್ನೋದನ್ನಲ್ಲ.

ಸುಮ್ನೆಒಬ್ಬ: ಭಾಷಣ ಬಿಡಿ ಮೇಡಂ, ಬಂದೂಕಿನ ಕತೆ ಯಾಕ್ ಯಾರೂ ಹೇಳ್ತಿಲ್ಲ? ಅದೇ ವರ್ಷ ಆಗಸ್ಟ್ 7, ಮರೀನ್ ಕೌಂಟಿ ಕೋರ್ಟಿಗೆ ಜೊನಾಥನ್ ಜಾಕ್ಸನ್ ಅನ್ನೋ 17ರ ಹುಡುಗ ನುಗ್ಗಿ ಜಡ್ಜ್‌ನೇ ಒತ್ತೆ ಇಟ್ಕೊಂಡ, ಕೊನೆಗೆ ಜಡ್ಜ್ ಸೇರಿ ನಾಲ್ಕು ಜನ ಸತ್ರು, ಬಂದೂಕು ಯಾರ ಹೆಸರಲ್ಲಿತ್ತು? ಇವರ ಹೆಸರಲ್ಲಿ. ಏನೂ ತಪ್ಪಿಲ್ದೋರು ತಲೆ ಮರೆಸ್ಕೊಂಡು ಓಡಾಡ್ತಾರಾ?

ವಕೀಲಮ್ಮ: ಎಫ್‌ಬಿಐ ಹುಡುಕ್ತಿರೋ ಆರೋಪಿಗಳ ಟಾಪ್ ಹತ್ತರ ಲಿಸ್ಟಲ್ಲಿ ಫೋಟೋ ಹಾಕಿದ್ರೆ ನಾನೂ ಓಡ್ತೀನಿ ಸಾರ್. ಅವರು ಆ ದಿನ ಕೋರ್ಟಲ್ಲಿ ಇರ್ಲೇ ಇಲ್ಲ. ಕೊಲೆ, ಅಪಹರಣ, ಪಿತೂರಿ, ಮೂರೂ ಕೇಸ್ ಹಾಕಿದ್ರು, ಗಲ್ಲಾಗೋ ಕೇಸು ಅಂತ ಬೇಲೂ ಇಲ್ಲ. 1972ರ ಫೆಬ್ರವರಿಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮರಣದಂಡನೆನೇ ರದ್ದು ಮಾಡ್ತಲ್ಲ, ಆಗ್ಲೇ ಬೇಲ್ ಸಿಕ್ಕಿದ್ದು. ಅಷ್ಟೊತ್ತಿಗೆ 16 ತಿಂಗಳು ಒಳಗಿದ್ರು. ಜೂನ್ 4ಕ್ಕೆ ಪೂರ್ತಿ ಬಿಳಿಯರೇ ಇದ್ದ ಜ್ಯೂರಿ ಮೂರರಲ್ಲೂ ನಿರ್ದೋಷಿ ಅಂತು. ಬಂದೂಕು ನನ್ನ ಹೆಸರಲ್ಲಿದೆ ಅಂದ್ರೆ ಪ್ಲಾನೂ ನಂದೇ ಅಂತ ಆಗಲ್ಲ, ಅದನ್ನ ಸಾಬೀತು ಮಾಡ್ಬೇಕು, ಅವರ ಕೈಲಿ ಆಗ್ಲಿಲ್ಲ.

ಕಟ್ಟೆಪುರಾಣ: ಅದೆಲ್ಲಾ ಒಪ್ದೆ ಕಣ್ರೀ, ನನ್ ಪ್ರಶ್ನೆ ಅಲ್ಲೇ ಉಳೀತು. ಇವರು ಒಳಗಿದ್ದಾಗ ಅರ್ಧ ಪ್ರಪಂಚ ಬಿಡಿ ಬಿಡಿ ಅಂತ ಕೂಗ್ತು. ಹೊರಗೆ ಬಂದ ವರ್ಷಾನೇ ಇರ್ಜಿ ಪೆಲಿಕಾನ್ ಅನ್ನೋ, ಸೋವಿಯತ್ ಹಿಡಿತದಲ್ಲಿದ್ದ ಚೆಕೊಸ್ಲೊವಾಕಿಯಾದ ಭಿನ್ನಮತೀಯ ಬಹಿರಂಗ ಪತ್ರ ಬರೆದು, ನಮ್ಮ ದೇಶದ ಕೈದಿಗಳ ಪರವಾಗೂ ಒಂದ್ ಮಾತಾಡಿ ಅಂತ ಕೇಳ್ಕೊಂಡ. ಮಾತಾಡ್ಲಿಲ್ಲ. ಅವನು ಬಲಪಂಥೀಯನೂ ಅಲ್ಲ, ಅವನೂ ಕಮ್ಯುನಿಸ್ಟೇ ಆಗಿದ್ದೋನು!

ಪುಸ್ತಕದಹುಳ: ಇದಕ್ಕೆ ನನ್ ಹತ್ರ ಒಳ್ಳೆ ಉತ್ತರ ಇಲ್ಲ. ತನ್ನ ದೇಶ ಕೈಬಿಟ್ಟಾಗ ಕೈ ಹಿಡಿದೋರನ್ನ ಬೈಯೋದು ಕಷ್ಟ ಆಗಿರ್ಬೋದು, ಅಷ್ಟೇ ಹೇಳ್ಬಲ್ಲೆ. 1980 ಮತ್ತೆ 84ರಲ್ಲಿ ಕಮ್ಯುನಿಸ್ಟ್ ಪಾರ್ಟಿಯಿಂದ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೂ ನಿಂತ್ರು, ಪಾರ್ಟಿ ಬಿಟ್ಟಿದ್ದು 1991ರಲ್ಲಿ. ಲೇಟು, ಹೌದು.

ಮೌನಿ: ನಡುವೆ ಬಾಯಿ ಹಾಕ್ತಿದೀನಿ. ಅವತ್ತು ಸುಮ್ನಿದ್ರು ಅಂತ ಇವತ್ತಿನ ವಾದ ಸುಳ್ಳಾಗುತ್ತಾ? ಅಮೆರಿಕದ ಜೈಲುಗಳು ತುಂಬಿ ತುಳುಕ್ತಿರೋದು, ಅದ್ರಲ್ಲಿ ಕರಿಯರ ಪಾಲು ಅವರ ಜನಸಂಖ್ಯೆಗಿಂತ ಎಷ್ಟೋ ಜಾಸ್ತಿ ಇರೋದು, ಅದನ್ನ ಪೆಲಿಕಾನ್ ಪತ್ರ ಅಳಿಸಲ್ಲ. 1997ರಲ್ಲಿ ಕ್ರಿಟಿಕಲ್ ರೆಸಿಸ್ಟೆನ್ಸ್ ಅಂತ ಜೈಲು ವಿರೋಧಿ ಸಂಘಟನೆ ಕಟ್ಟೋಕೆ ಅವರೂ ಕೈ ಜೋಡ್ಸಿದ್ರು. ಅವರ ಮಾತು ನಾಳೆನೇ ಬೀಗ ತೆಗ್ದು ಎಲ್ರನ್ನೂ ಬಿಡಿ ಅಂತಲ್ಲ. ಶಾಲೆ, ಆಸ್ಪತ್ರೆ, ಹುಚ್ಚಿಗೆ ಚಟಕ್ಕೆ ಚಿಕಿತ್ಸೆ ಇವಕ್ಕೆ ದುಡ್ಡು ಹಾಕ್ತಾ ಹಾಕ್ತಾ ಜೈಲಿನ ಕೆಲಸಾನೇ ಕಮ್ಮಿ ಮಾಡಿ ಅಂತ.

ಸುಮ್ನೆಒಬ್ಬ: ಕೊಲೆ ಮಾಡಿದೋನಿಗೆ ಶಾಲೆನಾ? ಸರಿ ಸರಿ. ಕೆಲ್ಸ ಕಿತ್ಕೊಂಡಿದ್ದು ಜಾಸ್ತಿ ಆಯ್ತು ಅಂತ ಬೇಕಾದ್ರೆ ಒಪ್ತೀನಿ, ಆ ಜಡ್ಜ್ ಮನೆಯವರ ಮುಂದೆ ನಿಂತು ಈ ಥಿಯರಿ ಹೇಳಿ ನೋಡೋಣ.

ಪುಸ್ತಕದಹುಳ: ಅಂದಹಾಗೆ ತಮಾಷೆ ನೋಡಿ, ಎರಡು ಸಲ ಓಡ್ಸಿದ ಅದೇ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂಟಾ ಕ್ರೂಜ್ ಕ್ಯಾಂಪಸ್‌ನಲ್ಲಿ ಪ್ರೊಫೆಸರ್ ಆಗಿ 2008ರಲ್ಲಿ ರಿಟೈರ್ ಆದ್ರು. ಹುಟ್ಟೂರಿನ ನಾಗರಿಕ ಹಕ್ಕು ಸಂಸ್ಥೆ ಪ್ರಶಸ್ತಿ ಕೊಡ್ತೀವಿ ಅಂತು, ಪ್ಯಾಲೆಸ್ಟೀನ್ ಪರ ನಿಲುವಿನ ಗಲಾಟೆಲಿ 2019ರ ಜನವರಿಲಿ ವಾಪಸ್ ತಗೊಂತು, ಬೈಗುಳ ಬಿದ್ಮೇಲೆ ಅದೇ ತಿಂಗಳು ಮತ್ತೆ ಕೊಡ್ತೀವಿ ಅಂತು.

ಕಟ್ಟೆಪುರಾಣ: ಪ್ಯಾಲೆಸ್ಟೀನ್ ಬಗ್ಗೆ ಬಾಯಿ ಬಿಟ್ಟು ಪ್ರಶಸ್ತಿ ಹೋದ್ರೂ ಪರ್ವಾಗಿಲ್ಲ ಅಂದೋರು, ಪೆಲಿಕಾನ್ ದೇಶದ ರಾಜಧಾನಿ ಪ್ರಾಗ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ರೆ ಏನ್ ಹೋಗ್ತಿತ್ತು ಅಂತ, ಅಷ್ಟೇ ನನ್ ಸಂಕ್ಟ.