ಸಹಾಯ ಬೇಕು: ಎತ್ತಿದ ಸ್ಟರ್ನ್ ಡ್ರೈವ್ ತಾನಾಗೇ ಇಳೀತಿದೆ

ಹಳೇ ಬೋಟು. ಸ್ಟರ್ನ್ ಡ್ರೈವ್ (ಬೋಟಿನ ಹಿಂದೆ ಪ್ರೊಪೆಲರ್ ಇರೋ ಭಾಗ) ಎತ್ತಿ ಇಳಿಸೋಕೆ ಎಣ್ಣೆ ಒತ್ತಡದ ಹೈಡ್ರಾಲಿಕ್ ಟಿಲ್ಟ್, ಎರಡು ಸಿಲಿಂಡರ್. ಪಂಪಿನ ಮೋಟಾರ್ ಚೆನ್ನಾಗಿದೆ, ಡ್ರೈವ್ ಪೂರ್ತಿ ಮೇಲೇರುತ್ತೆ; ಬೆಳಗಾಗೋ ಹೊತ್ತಿಗೆ ಕೆಳಗಿರುತ್ತೆ. ಎಣ್ಣೆ ತುಂಬಿ, 5-6 ಸಲ ಏರಿಸಿ ಇಳಿಸಿ ಗಾಳಿ ತೆಗೆದಾಯ್ತು. ಹೊರಗೆ ಒಂದು ಹನಿಯೂ ಸೋರ್ತಿಲ್ಲ. ಪಂಪಿನ ವಾಲ್ವ್ ಮೇಲೆ ಅನುಮಾನ ಬಂದು, ಡ್ರೈವ್‌ಗೆ ಆಸರೆ ಕೊಟ್ಟು, ಏರಿಸೋ ಹೋಸನ್ನ ಪಂಪಿನಿಂದ ಬಿಚ್ಚಿ ಪ್ಲಗ್ ಹಾಕಿ, ಆಮೇಲೆ ಆಸರೆ ತೆಗೆದು ನೋಡಿದೆ. ಆಗಲೂ ಇಳೀತು! ಅಂದ್ರೆ ಎಣ್ಣೆ ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್ ದಾಟಿ ಆಚೆ, ಇಳಿಸೋ ಬದಿಗೆ ಹೋಗ್ತಿದೆ.

ಆದ್ರೆ ಯಾವ ಸಿಲಿಂಡರಲ್ಲಿ? ಎರಡಕ್ಕೂ ಒಂದೇ ಲೈನು. ಸಿಲಿಂಡರ್ ತುದಿ ಮುಚ್ಚೋ ಎಂಡ್ ಕ್ಯಾಪ್‌ಗಳು ಉಪ್ಪು ಹಿಡಿದು ಕಚ್ಕೊಂಡಿವೆ, ಸುಮ್ಮನೆ ಎರಡನ್ನೂ ಬಿಚ್ಚೋಕೆ ಧೈರ್ಯ ಇಲ್ಲ. ಒಂದೊಂದರದ್ದೂ ಇಳಿಸೋ ಬದಿ ಹೋಸ್ ಬಿಚ್ಚಿಟ್ಟು, ಎಣ್ಣೆ ತೊಟ್ಟಿಕ್ಕೋದೇ ಕೆಟ್ಟಿರೋದು ಅಂತ ನಂಬಬಹುದಾ? ಇಲ್ಲಾ ಬೇರೆ ಪರೀಕ್ಷೆ ಇದ್ಯಾ?