ಅಪ್‌ಡೇಟ್: ಸ್ಟೀರಾಯ್ಡ್ ಇನ್‌ಹೇಲರ್ ಬದಲಾಯಿಸಿದ ನಂತರ

ಸೌಮ್ಯ ಸ್ವರೂಪದ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಇರುವ ನನಗೆ ಸ್ಟೀರಾಯ್ಡ್ ಇರುವ ಫ್ಲೂಟಿಕಾಸೋನ್–ಸಾಲ್ಮೆಟೆರಾಲ್ ಪುಡಿ ಇನ್‌ಹೇಲರ್ ನಿಲ್ಲಿಸಿ ಸ್ಟೀರಾಯ್ಡ್ ಇಲ್ಲದ, ಶ್ವಾಸನಾಳ ಹಿಗ್ಗಿಸುವ ಟಯೋಟ್ರೋಪಿಯಂ–ಓಲೋಡಟೆರಾಲ್ ಆರಂಭಿಸುವಂತೆ ವೈದ್ಯರು ಸೂಚಿಸಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ಈಗ ಬದಲಾಯಿಸಿಕೊಂಡಿದ್ದೇನೆ.

ಸಿಒಪಿಡಿ (ಎಂಫಿಸೀಮಾವೂ ಸೇರುವ, ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಲ್ಲಿ ಇನ್‌ಹೇಲರ್ ಮೂಲಕ ಸೇರುವ ಸ್ಟೀರಾಯ್ಡ್ ನ್ಯುಮೋನಿಯಾದ ಅಪಾಯವನ್ನು ಹೆಚ್ಚಿಸುತ್ತದೆ. ನನಗೆ ಆಸ್ತಮಾ ಇಲ್ಲದಿರುವುದರಿಂದ, ಕಾಯಿಲೆ ಪದೇ ಪದೇ ಉಲ್ಬಣಿಸದಿರುವುದರಿಂದ ಮತ್ತು ರಕ್ತದಲ್ಲಿನ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮೈಕ್ರೋಲೀಟರಿಗೆ 100ಕ್ಕಿಂತ ಕಡಿಮೆ ಇರುವುದರಿಂದ ಅದರ ಲಾಭ ಅಷ್ಟಕ್ಕಷ್ಟೇ ಎಂದು ವೈದ್ಯರು ಬಿಡಿಸಿ ಹೇಳಿದರು.

ಬಳಸುವ ಕ್ರಮ ಮಾತ್ರ ಪೂರ್ತಿ ಬೇರೆ. ಪುಡಿಯನ್ನು ಜೋರಾಗಿ, ವೇಗವಾಗಿ ಎಳೆದುಕೊಳ್ಳಬೇಕಿತ್ತು. ಹೊಸದರಲ್ಲಿ ತಳಭಾಗವನ್ನು ಅರ್ಧ ಸುತ್ತು ತಿರುಗಿಸಿ, ಮುಚ್ಚಳ ತೆರೆದು, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಗುಂಡಿ ಒತ್ತುತ್ತಲೇ ಮಂಜಿನಂತಹ ಔಷಧವನ್ನು ನಿಧಾನವಾಗಿ ಒಳಗೆಳೆದುಕೊಂಡು, ಸಾಧ್ಯವಾದರೆ 10 ಸೆಕೆಂಡು ಉಸಿರು ಹಿಡಿಯಬೇಕು. ನರ್ಸ್ ತಮ್ಮೆದುರೇ ಮಾಡಿಸಿ ನೋಡಿದ್ದು, ನನ್ನ ಅಭಿಪ್ರಾಯದಲ್ಲಿ, ಔಷಧದಷ್ಟೇ ಮುಖ್ಯ.

ಗಂಟಲಿನ ಕರಕರೆ ಹೋಗಿದೆ. ಬಾಯಿ ಒಣಗುವುದು ಹೊಸದಾಗಿ ಸೇರಿಕೊಂಡಿದೆ. ಮೆಟ್ಟಿಲು ಹತ್ತುವಾಗಿನ ಏದುಸಿರು ತುಸು ತಗ್ಗಿದೆ, ಆದರೆ ಅದಕ್ಕೆ ಜೊತೆಜೊತೆಗೇ ಆರಂಭಿಸಿದ ಶ್ವಾಸಕೋಶದ ವ್ಯಾಯಾಮವೂ ಕಾರಣವಿರಬಹುದು. ಹಾಳಾದ ಗಾಳಿಚೀಲಗಳನ್ನು ಯಾವ ಇನ್‌ಹೇಲರೂ ಮರಳಿ ಕಟ್ಟಿಕೊಡುವುದಿಲ್ಲ. ತುರ್ತಿಗೆಂದು, ಉಸಿರಾಟವನ್ನು ಬೇಗ ಸರಾಗಗೊಳಿಸುವ ಸಾಲ್ಬುಟಮಾಲ್ ಮೊದಲಿನಂತೆಯೇ ಜೇಬಿನಲ್ಲಿರುತ್ತದೆ.